ಗಿಂಪ್ ಕೈಕೊಟ್ಟರೆ: ಅಳಿಸಿ ಮತ್ತೆ ಹಾಕುವ ಮೊದಲು ನೋಡಬೇಕಾದ ಜಾಗಗಳು

“ಗಿಂಪ್ ಕೆಟ್ಟದರಿ. ತೆಗದು ಮತ್ತ ಹಾಕೀನಿ, ಆದ್ರೂ ಹಂಗೇ ಅದ.” ಕಲಬುರಗಿಯಲ್ಲಿ ಡಿಟಿಪಿ ಅಂಗಡಿಯವರು ಕೇಳಲಿ, ಸ್ಟುಡಿಯೋದವರು ಕೇಳಲಿ, ಆನ್‌ಲೈನ್ ಅರ್ಜಿ ತುಂಬುವ ಸೆಂಟರ್‌ನವರು ಕೇಳಲಿ, ಫೋಟೋ ತಿದ್ದುವ, ಬ್ಯಾನರ್ ಮಾಡುವ ಗಿಂಪ್ ಎಂಬ ಸಾಫ್ಟ್‌ವೇರ್ ಬಗ್ಗೆ ದೂರು ಹೆಚ್ಚುಕಡಿಮೆ ಹೀಗೇ ಇರುತ್ತದೆ. ಅವರು ಹೇಳುವುದು ನಿಜ. ಮತ್ತೆ ಹಾಕಿದರೂ ಹಾಗೇ ಇರುತ್ತದೆ. ಯಾಕೆಂದರೆ ಗಿಂಪನ್ನು ಅನ್‌ಇನ್‌ಸ್ಟಾಲ್ ಮಾಡಿದಾಗ ಹೋಗುವುದು ಪ್ರೋಗ್ರಾಂ ಮಾತ್ರ. ನಿಮ್ಮ ಸೆಟ್ಟಿಂಗ್, ನೀವು ಸೇರಿಸಿದ ಬ್ರಷ್ಷು, ಪ್ಲಗಿನ್ನು (ಮೇಲಿಂದ ಸೇರಿಸುವ ಪುಟ್ಟ ಪ್ರೋಗ್ರಾಂ), ಕಿಟಕಿಗಳನ್ನು ಎಲ್ಲೆಲ್ಲಿ ಇಟ್ಟಿದ್ದಿರಿ ಎಂಬ ಲೆಕ್ಕ, ಎಲ್ಲವೂ ನಿಮ್ಮ ಯೂಸರ್ ಖಾತೆಯ ಬೇರೆ ಫೋಲ್ಡರ್‌ನಲ್ಲಿ ಉಳಿದಿರುತ್ತವೆ. ಹೊಸದಾಗಿ ಹಾಕಿದ ಗಿಂಪ್ ತೆರೆದ ಕೂಡಲೇ ಅದೇ ಹಳೇ ಫೋಲ್ಡರ್ ಓದುತ್ತದೆ. ಅಲ್ಲಿ ಏನಾದರೂ ಹಾಳಾಗಿದ್ದರೆ ಹಾಳು ಹಾಗೇ ವಾಪಸ್ ಬರುತ್ತದೆ. ತೊಂದರೆ ಫಾಂಟ್‌ನಲ್ಲೋ, ಚಿತ್ರದ ಫೈಲಿನಲ್ಲೋ, ಮಾನಿಟರ್ ಪ್ರೊಫೈಲ್‌ನಲ್ಲೋ ಇದ್ದರಂತೂ ಇನ್‌ಸ್ಟಾಲ್‌ಗೂ ಅದಕ್ಕೂ ಸಂಬಂಧವೇ ಇಲ್ಲ.

ಗಿಂಪ್ ಒಂದು ಕಂಪನಿಯ ಮಾಲಲ್ಲ. 1995ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಶುರು ಮಾಡಿದ ಈ ಸಾಫ್ಟ್‌ವೇರ್ ಅನ್ನು ಈಗ ಹೆಚ್ಚಾಗಿ ಸ್ವಯಂಸೇವಕರು ನಡೆಸುತ್ತಾರೆ. ದುಡ್ಡು ಕೊಡಬೇಕಿಲ್ಲ. ಫೋನ್ ಮಾಡಿ ಬೈಯಲು ಕಸ್ಟಮರ್ ಕೇರ್ ಕೂಡ ಇಲ್ಲ. ತೊಂದರೆ ಎಲ್ಲಿದೆ ಅಂತ ಹುಡುಕುವ ಕೆಲಸ ನಮ್ಮ ಮೇಲೇ ಬರುತ್ತದೆ.

ಮೊದಲು ಎರಡು ಪರೀಕ್ಷೆ

ಹುಡುಕುವ ಮುಂಚೆ ಹೆಲ್ಪ್ ಮೆನುವಿನ ಅಬೌಟ್ ತೆರೆದು ಆವೃತ್ತಿ ನೋಡಿಕೊಳ್ಳಿ. 2018ರಲ್ಲಿ ಬಂದ 2.10 ಸರಣಿ ನಮ್ಮ ಕಡೆ ಇನ್ನೂ ಜಾಸ್ತಿ ಕಾಣುತ್ತದೆ. 2025ರ ಮಾರ್ಚ್‌ನಲ್ಲಿ 3.0 ಬಂತು. ಇವೆರಡರ ನಡುವೆ ಬಹಳ ಬದಲಾಗಿದೆ. 3.0ಕ್ಕೆ ಕನಿಷ್ಠ ವಿಂಡೋಸ್ 10 ಬೇಕು. ಅಂಗಡಿಯ ಮೂಲೆಯ ಹಳೇ ವಿಂಡೋಸ್ 7 ಯಂತ್ರಕ್ಕೆ 2.10 ಸಾಕು, ಹೊಸದಕ್ಕೆ ಕೈ ಹಾಕಬೇಡಿ. 2.10ಕ್ಕಾಗಿ ಬರೆದ ಪ್ಲಗಿನ್‌ಗಳು 3.0ರಲ್ಲಿ ಹಾಗೇ ನಡೆಯುವುದಿಲ್ಲ. “ಅಪ್‌ಡೇಟ್ ಮಾಡಿದ ಮೇಲೆ ಮೆನುವಿನಲ್ಲಿದ್ದದ್ದು ಮಾಯವಾಯಿತು” ಎಂಬ ದೂರಿಗೆ ಕಾರಣ ಸಾಮಾನ್ಯವಾಗಿ ಇಷ್ಟೇ. ಒಂದು ಅಂಗಡಿಯಲ್ಲಿ 3.0, ಇನ್ನೊಂದರಲ್ಲಿ 2.10 ಇದ್ದರೆ, ಹೊಸದರಲ್ಲಿ ಉಳಿಸಿದ ಎಕ್ಸ್‌ಸಿಎಫ್ (ಗಿಂಪ್‌ನ ಸ್ವಂತ ಬಗೆಯ) ಫೈಲನ್ನು ಹಳೆಯದು ಆವೃತ್ತಿ ಗೊತ್ತಿಲ್ಲ ಅಂತ ವಾಪಸ್ ಕಳಿಸಬಹುದು. ಅದು ಫೈಲ್ ಹಾಳಾದ ಲಕ್ಷಣವಲ್ಲ.

ಈಗ ಮೊದಲ ಪರೀಕ್ಷೆ. ಹೊಸ ಖಾಲಿ ಫೈಲ್ ತೆರೆದು ಅದೇ ಕೆಲಸ ಮಾಡಿ ನೋಡಿ. ಅಲ್ಲಿ ಸರಿಯಾಗಿ ನಡೆದರೆ ತೊಂದರೆ ನಿಮ್ಮ ಹಳೇ ಚಿತ್ರದ ಫೈಲಿನಲ್ಲಿದೆ. ಪ್ರೋಗ್ರಾಂ ಮುಟ್ಟಬೇಡಿ.

ಖಾಲಿ ಫೈಲಿನಲ್ಲೂ ಅದೇ ಗೋಳಾದರೆ ಎರಡನೆಯ ಪರೀಕ್ಷೆ. ಗಿಂಪ್ ಮುಚ್ಚಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ ರನ್ ಡಬ್ಬಿ ತೆರೆಯಿರಿ. ಆ್ಯಪ್‌ಡೇಟಾ ಎಂದು ಇಂಗ್ಲಿಷ್‌ನಲ್ಲಿ ಸೇರಿಸಿ ಬರೆದು, ಹಿಂದೆ ಒಂದು ಮುಂದೆ ಒಂದು ಶೇಕಡಾ ಚಿಹ್ನೆ ಹಾಕಿ ಎಂಟರ್ ಕೊಡಿ. ಅಲ್ಲಿ ಗಿಂಪ್ ಹೆಸರಿನ ಫೋಲ್ಡರ್, ಅದರೊಳಗೆ 2.10 ಅಥವಾ 3.0 ಎಂಬ ಫೋಲ್ಡರ್ ಇರುತ್ತದೆ. ಅದನ್ನು ಅಳಿಸಬೇಡಿ. ಹೆಸರು ಮಾತ್ರ ಬದಲಿಸಿ, ಹಿಂದೆ ಹಳೇದು ಅಂತ ಏನಾದರೂ ಸೇರಿಸಿ. ಮತ್ತೆ ಗಿಂಪ್ ತೆರೆದರೆ ಅದು ಹೊಸ ಫೋಲ್ಡರ್ ಕಟ್ಟಿಕೊಳ್ಳುತ್ತದೆ. ಒಂದು ಎಚ್ಚರ: 3.0ರ ಫೋಲ್ಡರ್ ಸಿಗದಿದ್ದಾಗ, ಪಕ್ಕದಲ್ಲಿ 2.10ರ ಫೋಲ್ಡರ್ ಇದ್ದರೆ, ಹೊಸ ಗಿಂಪ್ ಅಲ್ಲಿಂದ ಸೆಟ್ಟಿಂಗ್ ಎಳೆದುಕೊಳ್ಳುತ್ತದೆ. ಹಾಗಾಗಿ ಎರಡೂ ಇದ್ದರೆ ಎರಡರ ಹೆಸರನ್ನೂ ಬದಲಿಸಿಯೇ ಪರೀಕ್ಷೆ ಮಾಡಿ. ತೊಂದರೆ ಹೋಯಿತೇ? ಹಾಗಾದರೆ ಕಳ್ಳ ಹಳೇ ಫೋಲ್ಡರ್‌ನಲ್ಲಿದ್ದಾನೆ. ಬೇಕಾದ ಬ್ರಷ್, ಪ್ಯಾಲೆಟ್‌ಗಳನ್ನು ಅಲ್ಲಿಂದ ಸ್ವಲ್ಪ ಸ್ವಲ್ಪವೇ ನಕಲು ಮಾಡುತ್ತಾ ಬನ್ನಿ. ಯಾವುದನ್ನು ಹಾಕಿದಾಗ ತೊಂದರೆ ಮರಳುತ್ತದೋ ಅದೇ ಕಾರಣ. ಹೋಗಲಿಲ್ಲವೇ? ಹಳೇ ಹೆಸರು ವಾಪಸ್ ಕೊಟ್ಟು ಮುಂದೆ ಓದಿ.

“ಕಿಟಕಿಗಳೆಲ್ಲ ಮಾಯವಾದವು, ಟೂಲ್ ಏನೂ ಕಾಣ್ತಿಲ್ಲ” ಅನ್ನುವವರಿಗೆ ಇದ್ಯಾವುದೂ ಬೇಡ. ಟ್ಯಾಬ್ ಕೀ ಒಮ್ಮೆ ಒತ್ತಿ. ಅದು ಪಕ್ಕದ ಪಟ್ಟಿಗಳನ್ನು ಅಡಗಿಸುವ, ತೋರಿಸುವ ಕೀ. ಕೈ ತಾಗಿ ಅಡಗಿರುತ್ತವೆ.

ಬ್ರಷ್ ಎಳೆದರೂ ಏನೂ ಬೀಳುವುದಿಲ್ಲ

ಹೊಸಬರ ಪೈಕಿ ಅರ್ಧ ಜನರ ದೂರು ಇದೇ ಇರಬೇಕು. ಕಾರಣ ಹಲವು, ಆದರೆ ನೋಡುವ ಕ್ರಮ ಒಂದೇ. ಮೊದಲು ಕಂಟ್ರೋಲ್, ಶಿಫ್ಟ್, ಎ ಮೂರನ್ನೂ ಒಟ್ಟಿಗೆ ಒತ್ತಿ. ಚಿತ್ರದ ಯಾವುದೋ ಮೂಲೆಯಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಸೆಲೆಕ್ಷನ್ ಉಳಿದಿದ್ದರೆ ಅದು ಹೋಗುತ್ತದೆ. ಸೆಲೆಕ್ಷನ್ ಇರುವವರೆಗೆ ಬಣ್ಣ ಅದರೊಳಗೆ ಮಾತ್ರ ಬೀಳುತ್ತದೆ ಅಲ್ವಾ, ಅದಕ್ಕೆ.

ಆಗಲಿಲ್ಲ ಅಂದರೆ ಲೇಯರ್, ಅಂದರೆ ಒಂದರ ಮೇಲೊಂದು ಇಟ್ಟ ಚಿತ್ರದ ಪದರಗಳ ಪಟ್ಟಿ ನೋಡಿ. ಆರಿಸಿದ ಲೇಯರ್‌ನ ಕಣ್ಣಿನ ಗುರುತು ಆರಿದೆಯೇ? ಒಪ್ಯಾಸಿಟಿ, ಅಂದರೆ ಪದರದ ದಟ್ಟತೆ, ಸೊನ್ನೆಗೆ ಇಳಿದಿದೆಯೇ? ಬೀಗ ಹಾಕಿದೆಯೇ? ಲೇಯರ್ ಬದಲು ಅದರ ಮಾಸ್ಕ್ (ಲೇಯರ್‌ನ ಭಾಗಗಳನ್ನು ಅಡಗಿಸುವ ಪರದೆ) ಆರಿಸಿದ್ದೀರಾ? 2.10ರಲ್ಲಿ ಇನ್ನೊಂದು ಇದೆ. ಏನಾದರೂ ಪೇಸ್ಟ್ ಮಾಡಿದರೆ ಅದು ಫ್ಲೋಟಿಂಗ್ ಸೆಲೆಕ್ಷನ್ ಆಗಿ ಮೇಲೆ ತೇಲುತ್ತಿರುತ್ತದೆ. ಅದನ್ನು ಆ್ಯಂಕರ್ ಮಾಡಿ ಕೆಳಗಿನ ಲೇಯರ್‌ಗೆ ಕೂಡಿಸುವವರೆಗೆ ಅಥವಾ ಹೊಸ ಲೇಯರ್ ಮಾಡುವವರೆಗೆ ಬೇರೆ ಲೇಯರ್ ಮೇಲೆ ಕೆಲಸ ನಡೆಯುವುದಿಲ್ಲ. 3.0ರಲ್ಲಿ ಪೇಸ್ಟ್ ಮಾಡಿದ್ದು ಸಾಮಾನ್ಯವಾಗಿ ನೇರ ಹೊಸ ಲೇಯರ್ ಆಗುತ್ತದೆ. ಈ ಕಾಟ ಕಡಿಮೆಯಾಗಿದೆ, ಒಳ್ಳೇದಾಯಿತು.

ಬಣ್ಣ ಅರ್ಧ ಜಾಗದಲ್ಲಿ ಬಿದ್ದು ಅರ್ಧದಲ್ಲಿ ಬೀಳುತ್ತಿಲ್ಲ ಅಂದರೆ ಲೇಯರ್ ಹಾಳೆಗಿಂತ ಚಿಕ್ಕದಿದೆ. ಲೇಯರ್ ಮೆನುವಿನಲ್ಲಿ ಲೇಯರ್ ಟು ಇಮೇಜ್ ಸೈಜ್ ಒತ್ತಿ. ಕೆಂಪು ಆರಿಸಿದರೂ ಬೂದು ಬೀಳುತ್ತಿದ್ದರೆ ಇಮೇಜ್ ಮೆನುವಿನ ಮೋಡ್‌ನಲ್ಲಿ ಗ್ರೇಸ್ಕೇಲ್ ಇದೆ, ಆರ್‌ಜಿಬಿಗೆ ಬದಲಿಸಿ. ಜಿಫ್ ಲೋಗೋ ತೆರೆದಾಗ ಬಣ್ಣ ಒರಟಾಗಿ ಬಂದರೆ ಅಲ್ಲಿ ಇಂಡೆಕ್ಸ್‌ಡ್ ಇರುತ್ತದೆ. ಮದ್ದು ಅದೇ.

ಬೀದರ್ ಕಡೆಯಿಂದ ಬರುವ ಒಂದು ದೂರು ಗಿಂಪ್‌ನದ್ದೇ ಅಲ್ಲ. ಬಿದ್ರಿ ಹೂಜಿಯ ಫೋಟೋದಲ್ಲಿ ಹಿನ್ನೆಲೆ ತೆಗೆಯಲು, ಒಂದೇ ಥರದ ಬಣ್ಣವನ್ನು ಒಟ್ಟಿಗೆ ಆರಿಸುವ ಫಜಿ ಸೆಲೆಕ್ಟ್ ಒತ್ತಿದರೆ ಹೂಜಿಯೂ ಸೇರಿ ಹೋಗುತ್ತದೆ. ಕರಿ ಹೂಜಿಯನ್ನು ಕರಿ ಬಟ್ಟೆ ಮೇಲೆ ಇಟ್ಟು ಫೋಟೋ ತೆಗೆದಿರುತ್ತಾರೆ. ಪ್ರೋಗ್ರಾಂ ಗೆರೆ ಎಲ್ಲಿಂದ ಹುಡುಕಬೇಕು? ತಿಳಿ ಬೂದು ಹಾಳೆ ಮೇಲೆ ಇಟ್ಟು ಮತ್ತೆ ತೆಗೆಯಿರಿ. ಅದಾಗದಿದ್ದರೆ ಪಾತ್ಸ್ ಟೂಲ್ ಹಿಡಿದು ಕೈಯಿಂದಲೇ ಗೆರೆ ಕಟ್ಟಿ.

ಕನ್ನಡ ಒಡೆಯುತ್ತದೆ, ಉರ್ದು ತಿರುಗುತ್ತದೆ

ಇದು ನಮ್ಮ ಭಾಗದ ನಿಜವಾದ ತಲೆನೋವು. ಶರಣಬಸವೇಶ್ವರ ಜಾತ್ರೆ ಇರಲಿ, ಬಂದೇನವಾಜ್ ಉರುಸ್ ಇರಲಿ, ಮದುವೆಯ ಶುಭಾಶಯ ಇರಲಿ, ಒಂದೇ ಬ್ಯಾನರ್‌ನಲ್ಲಿ ಕನ್ನಡವೂ ಉರ್ದುವೂ ಬರಬಹುದು. ಭಾಲ್ಕಿ, ಔರಾದ ಕಡೆ ಹೋದರೆ ಮರಾಠಿ, ಗುರುಮಠಕಲ್ ಕಡೆ ತೆಲುಗು. ಗಿಂಪ್ ಇವೆಲ್ಲವನ್ನೂ ಮಾಡಬಲ್ಲದು. ಅಕ್ಷರ ಜೋಡಿಸಲು ಅದು ಪ್ಯಾಂಗೊ, ಹಾರ್ಫ್‌ಬಝ್ ಎಂಬ ಲೈಬ್ರರಿಗಳನ್ನು ಬಳಸುತ್ತದೆ. ಒತ್ತಕ್ಷರ, ಅರ್ಕಾವತ್ತು ಎಲ್ಲ ತಾನಾಗಿ ಕೂಡುತ್ತವೆ. ಒಂದೇ ಷರತ್ತು: ಪಠ್ಯ ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಪದ್ಧತಿ) ಆಗಿರಬೇಕು, ಫಾಂಟ್ ಕೂಡ ಯೂನಿಕೋಡ್ ಆಗಿರಬೇಕು.

ಅಂಗಡಿಗಳಲ್ಲಿ ಈ ಷರತ್ತು ತಪ್ಪುವುದಕ್ಕೆ ಇತಿಹಾಸವಿದೆ. ಹಳೇ ಫೋಟೋಶಾಪ್, ಪೇಜ್‌ಮೇಕರ್ ಕಾಲದಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂಡುತ್ತಿರಲಿಲ್ಲ. ಹಾಗಾಗಿ ನುಡಿ, ಬರಹ, ಶ್ರೀಲಿಪಿಯ ಹಳೇ ಫಾಂಟ್‌ಗಳ ಮೇಲೇ ಎಲ್ಲರ ಕೈ ಕೂತಿತು. ಆ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿರುತ್ತಾರೆ. ಕಂಪ್ಯೂಟರ್ ಲೆಕ್ಕದಲ್ಲಿ ಅದು ಕನ್ನಡವೇ ಅಲ್ಲ. ಹತ್ತು ವರ್ಷದ ಹಿಂದಿನ ಆಮಂತ್ರಣ ಪತ್ರಿಕೆಯ ಪಠ್ಯ ತಂದು ಗಿಂಪ್‌ನಲ್ಲಿ ಪೇಸ್ಟ್ ಮಾಡಿದರೆ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಗೀಟು, ಚುಕ್ಕೆ ಬಂದು ಕೂರುವುದು ಅದಕ್ಕೇ.

ಹಾಗಾಗಿ ಲಕ್ಷಣ ನೋಡಿ ರೋಗ ಹೇಳಬಹುದು. ಗೀಟು ಚುಕ್ಕೆಯ ಇಂಗ್ಲಿಷ್ ಕಂಡರೆ ಪಠ್ಯ ಹಳೇ ಎನ್‌ಕೋಡಿಂಗ್‌ನದ್ದು. ನುಡಿ ತಂತ್ರಾಂಶದಲ್ಲೇ ಯೂನಿಕೋಡ್‌ಗೆ ಬದಲಿಸುವ ಸೌಲಭ್ಯವಿದೆ. ಬದಲಿಸಿ ತನ್ನಿ. ಖಾಲಿ ಚೌಕಗಳು ಕಂಡರೆ ಯಂತ್ರದಲ್ಲಿ ಆ ಲಿಪಿಯ ಫಾಂಟೇ ಇಲ್ಲ.

ಮೂರನೆಯದು ಸ್ವಲ್ಪ ಮೋಸಗಾರ. ಕನ್ನಡ ಸರಿಯಾಗಿಯೇ ಕಾಣುತ್ತದೆ, ಆದರೆ ಫಾಂಟ್ ಎಷ್ಟು ಬದಲಿಸಿದರೂ ಅಕ್ಷರದ ಆಕಾರ ಒಂದಿಷ್ಟೂ ಬದಲಾಗುವುದಿಲ್ಲ. “ಫಾಂಟ್ ಕೆಲಸಾನೇ ಮಾಡವಲ್ವರಿ” ಅನ್ನುತ್ತಾರೆ. ನೀವು ಆರಿಸಿದ ಫಾಂಟ್‌ನಲ್ಲಿ ಯೂನಿಕೋಡ್ ಕನ್ನಡ ಇಲ್ಲದಿದ್ದಾಗ ಪ್ಯಾಂಗೊ ಸುಮ್ನೆ ಬೇರೆ ಫಾಂಟ್‌ನಿಂದ ಅಕ್ಷರ ಎರವಲು ತಂದು ತೋರಿಸುತ್ತದೆ. ನಿಮಗೆ ಹೇಳುವುದೂ ಇಲ್ಲ. ಹಳೇ ನುಡಿ ಫಾಂಟ್ ಆರಿಸಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೂ ಹೀಗೇ ಆಗುತ್ತದೆ. ಪರೀಕ್ಷೆಗೆ ನೋಟೊ ಸಾನ್ಸ್ ಕನ್ನಡ, ತುಂಗಾ, ನಿರ್ಮಲಾ ಯುಐ ಮೂರನ್ನೂ ಒಂದಾದ ಮೇಲೊಂದು ಹಾಕಿ ನೋಡಿ. ಆಕಾರ ಬದಲಾದರೆ ಗಿಂಪ್ ಸರಿ ಇದೆ, ನಿಮ್ಮ ಮೊದಲಿನ ಫಾಂಟ್ ಸರಿಯಿಲ್ಲ. ಅಲಂಕಾರದ ಅಕ್ಷರ ಬೇಕಿದ್ದರೆ ನವಿಲು, ಗುಬ್ಬಿಯಂಥ ಮುಕ್ತ ಫಾಂಟ್‌ಗಳಿವೆ.

ಫಾಂಟ್ ಹಾಕಿದರೂ ಗಿಂಪ್ ಪಟ್ಟಿಯಲ್ಲಿ ಬರುತ್ತಿಲ್ಲವೇ? ವಿಂಡೋಸ್ 10ರಿಂದ ಈಚೆಗೆ ಫಾಂಟ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಎರಡು ಆಯ್ಕೆ ಸಿಗುತ್ತವೆ. ಬರೀ ಇನ್‌ಸ್ಟಾಲ್ ಒತ್ತಿದರೆ ಅದು ನಿಮ್ಮ ಖಾತೆಗೆ ಮಾತ್ರ ಹೋಗಿ ಕೂರುತ್ತದೆ, 2.10ರ ಹಳೇ ಬಿಡುಗಡೆಗಳಿಗೆ ಕಾಣುವುದಿಲ್ಲ. ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್ ಒತ್ತಿ. ಹಳೇ ಸಿಡಿಯಿಂದ ತಂದ ಪೋಸ್ಟ್‌ಸ್ಕ್ರಿಪ್ಟ್ ಟೈಪ್ 1 ಫಾಂಟ್ ಆದರೆ ಆಸೆ ಬಿಡಿ. 2019ರಲ್ಲಿ ಬಂದ ಪ್ಯಾಂಗೊ 1.44ರಿಂದ ಅದಕ್ಕೆ ಬೆಂಬಲ ನಿಂತಿದೆ.

ಪಠ್ಯವೂ ಫಾಂಟೂ ಸರಿಯಿದ್ದು ಕೆಲವೇ ಪದ ಕೆಟ್ಟರೆ? “ರ‍್ಯಾಲಿ” ಎಂದು ಕಳಿಸಿದ್ದು “ರ್ಯಾಲಿ” ಆಗಿ ಬರುತ್ತದೆ. “ಸಾಫ್ಟ್‌ವೇರ್” ಎಂಬಲ್ಲಿ ವಕಾರ ಟಕಾರದ ಕೆಳಗೆ ಒತ್ತಾಗಿ ಇಳಿದು “ಸಾಫ್ಟ್ವೇರ್” ಆಗುತ್ತದೆ. ಈ ಪದಗಳ ಒಳಗೆ ಕಣ್ಣಿಗೆ ಕಾಣದ ಸೊನ್ನೆ ಅಗಲದ ಚಿಹ್ನೆಗಳು ಇರಬೇಕು. ಕೂಡಿಸುವುದಕ್ಕೆ ಒಂದು, ಬಿಡಿಸುವುದಕ್ಕೆ ಒಂದು. ಪಠ್ಯ ಆ ಕಡೆ ಈ ಕಡೆ ನಕಲಾಗುವಾಗ, ಇಲ್ಲ ಪರಿವರ್ತಕದ ಮೂಲಕ ಹಾಯುವಾಗ ಇವು ಉದುರಿ ಹೋಗುತ್ತವೆ. ಆ ಪದವನ್ನು ಗಿಂಪ್‌ನಲ್ಲೇ ಹೊಸದಾಗಿ ಟೈಪ್ ಮಾಡಿದರೆ ಸರಿಹೋಗುತ್ತದೆ. ಪರಿವರ್ತನೆ ಮಾಡಿದ ಪಠ್ಯವನ್ನು ಪ್ರಿಂಟ್‌ಗೆ ಕಳಿಸುವ ಮುಂಚೆ ಗಟ್ಟಿಯಾಗಿ ಓದಿ. ಮದುವೆ ಪತ್ರಿಕೆಯಲ್ಲಿ ಮದುಮಗನ ಹೆಸರಿನ ಅರ್ಕಾವತ್ತು ಹಾರಿಹೋದರೆ ಗಿಂಪನ್ನು ಯಾರೂ ಕೇಳುವುದಿಲ್ಲ.

ಉರ್ದುವಿನಲ್ಲೂ ಅದೇ ಕಥೆ. ಉರ್ದು ಪುಟ ಕಟ್ಟುವ ಇನ್‌ಪೇಜ್‌ನ ಹಳೇ ಆವೃತ್ತಿಯಿಂದ ನಕಲು ಮಾಡಿದ ಪಠ್ಯ ಯೂನಿಕೋಡ್ ಅಲ್ಲ, ಮೊದಲು ಬದಲಿಸಬೇಕು. ಯೂನಿಕೋಡ್ ಪಠ್ಯಕ್ಕೆ ನೋಟೊ ನಸ್ತಾಲೀಕ್ ಉರ್ದು ಫಾಂಟ್ ಹಾಕಿ. ಸಾಲು ಎಡಕ್ಕೆ ಅಂಟಿಕೊಂಡು ಪೂರ್ಣವಿರಾಮ ತಪ್ಪು ತುದಿಗೆ ಹೋಗಿ ಕೂತರೆ ಪಠ್ಯದ ಮೇಲೆ ರೈಟ್ ಕ್ಲಿಕ್ ಮಾಡಿ ಫ್ರಮ್ ರೈಟ್ ಟು ಲೆಫ್ಟ್ ಆರಿಸಿ. ಒಂದೇ ಪಠ್ಯ ಡಬ್ಬಿಯಲ್ಲಿ ಉರ್ದು, ಕನ್ನಡ, ಫೋನ್ ನಂಬರ್ ಮೂರನ್ನೂ ತುರುಕಬೇಡಿ. ದಿಕ್ಕು ಬೆರೆತು ಕ್ರಮ ಏರುಪೇರಾಗುತ್ತದೆ. ಒಂದೊಂದು ಭಾಷೆಗೆ ಒಂದೊಂದು ಲೇಯರ್ ಇರಲಿ.

ಇನ್ನೊಂದು. ನಿಮ್ಮಲ್ಲಿ ಚೆನ್ನಾಗಿದ್ದ ಅಕ್ಷರ ಫ್ಲೆಕ್ಸ್ ಅಂಗಡಿಯಲ್ಲಿ ಬದಲಾಗಿದ್ದರೆ ನೀವು ಎಕ್ಸ್‌ಸಿಎಫ್ ಫೈಲ್ ಕಳಿಸಿದ್ದೀರಿ. ಅದನ್ನು ತೆರೆದಾಗ ಅಕ್ಷರ ಸರಿಯಾಗಿಯೇ ಕಾಣುತ್ತದೆ. ಅಲ್ಲಿಯವರು ಒಂದು ಅಂಕಿ ತಿದ್ದಲು ಪಠ್ಯ ಮುಟ್ಟಿದ ಕೂಡಲೇ ಅವರ ಯಂತ್ರದ ಫಾಂಟ್‌ನಲ್ಲಿ ಎಲ್ಲ ಮತ್ತೆ ಮೂಡುತ್ತದೆ. ಪ್ರಿಂಟ್‌ಗೆ ಹೋಗುವುದು ಎಕ್ಸ್‌ಪೋರ್ಟ್ ಮಾಡಿದ ಟಿಫ್ ಅಥವಾ ಪಿಎನ್‌ಜಿ ಆಗಿರಲಿ.

ದೊಡ್ಡ ಬ್ಯಾನರ್ ತೆರೆದರೆ ಯಂತ್ರವೇ ನಿಲ್ಲುತ್ತದೆ

ಇಲ್ಲಿ ಲೆಕ್ಕ ಹಾಕಿದರೆ ಅರ್ಧ ಉತ್ತರ ಸಿಗುತ್ತದೆ. 10 ಅಡಿ ಅಗಲ, 4 ಅಡಿ ಎತ್ತರದ ಬ್ಯಾನರ್ ಅಂದರೆ 120 ಇಂಚು, 48 ಇಂಚು. ಇಂಚಿಗೆ 300 ಪಿಕ್ಸೆಲ್ ಇಟ್ಟರೆ 36,000 ಗುಣಿಸು 14,400, ಅಂದರೆ ಸುಮಾರು 52 ಕೋಟಿ ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ 4 ಬೈಟ್ ಹಿಡಿದರೂ ಒಂದೇ ಲೇಯರ್‌ಗೆ 2 ಜಿಬಿ ದಾಟುತ್ತದೆ. ಹಿನ್ನೆಲೆ, ನಾಯಕರ ಫೋಟೋ, ಹೂವಿನ ಚೌಕಟ್ಟು, ಹಿಂಬಾಲಕರ ಸಾಲು ಸಾಲು ಮುಖಗಳು ಅಂತ 6 ಪೂರ್ತಿ ಅಳತೆಯ ಲೇಯರ್ ಆದರೆ 12 ಜಿಬಿ. 8 ಜಿಬಿ ರ‍್ಯಾಮ್‌ನ ಯಂತ್ರ ನಿಲ್ಲದೆ ಏನು ಮಾಡೀತು?

ಅದೇ ಬ್ಯಾನರ್‌ಗೆ ಇಂಚಿಗೆ 72 ಪಿಕ್ಸೆಲ್ ಸಾಕು ಅಂದರೆ 8,640 ಗುಣಿಸು 3,456. ಒಂದು ಲೇಯರ್‌ಗೆ 120 ಎಂಬಿ ಕೂಡ ಆಗುವುದಿಲ್ಲ. ರಸ್ತೆಯ ಆ ಬದಿಯಿಂದ ನೋಡುವ ಫ್ಲೆಕ್ಸ್‌ಗೆ 72ರಿಂದ 100 ಧಾರಾಳವಾಯಿತು. 300 ಬೇಕಾಗುವುದು ಕೈಯಲ್ಲಿ ಹಿಡಿದು ಓದುವ ಪತ್ರಿಕೆ, ಲೇಬಲ್, ಫೋಟೋಗಳಿಗೆ. “ಜಾಸ್ತಿ ಇಟ್ಟರೆ ಕ್ಲಿಯರ್ ಬರ್ತದ” ಎಂಬ ನಂಬಿಕೆಯೂ ಇಲ್ಲಿ ನಡೆಯುವುದಿಲ್ಲ. ಮೊಬೈಲ್ ಫೋಟೋದಲ್ಲಿ ಸಾಮಾನ್ಯವಾಗಿ ಇರುವುದು ಅಗಲಕ್ಕೆ ಸುಮಾರು 4,000 ಪಿಕ್ಸೆಲ್. ಅದನ್ನು 36,000ಕ್ಕೆ ಹಿಗ್ಗಿಸಿದರೆ ಹೊಸ ವಿವರ ಎಲ್ಲಿಂದ ಬರಬೇಕು?

ಅಳತೆ ಸರಿಯಿದ್ದೂ ನಿಧಾನವಿದ್ದರೆ ಇಮೇಜ್ ಮೆನುವಿನ ಪ್ರಿಸಿಷನ್ ನೋಡಿ. ಅಲ್ಲಿ 32 ಬಿಟ್ ಫ್ಲೋಟಿಂಗ್ ಪಾಯಿಂಟ್ ಇದ್ದರೆ ಮೆಮೊರಿ 4 ಪಟ್ಟು ಬೇಕು. ಸಾಮಾನ್ಯ ಬ್ಯಾನರ್‌ಗೆ 8 ಬಿಟ್ ಸಾಕು. ತೆರೆದ ಪ್ರತಿ ಜೆಪೆಗ್ಗೂ 32 ಬಿಟ್ ಆಗುತ್ತಿದ್ದರೆ ಪ್ರಿಫರೆನ್ಸಸ್‌ನ ಇಮೇಜ್ ಇಂಪೋರ್ಟ್ ಭಾಗದಲ್ಲಿ ಫ್ಲೋಟಿಂಗ್ ಪಾಯಿಂಟ್‌ಗೆ ಏರಿಸುವ ಟಿಕ್ ಬಿದ್ದಿದೆ, ತೆಗೆಯಿರಿ.

ಇನ್ನೂ ಸಂಶಯವಿದ್ದರೆ ಗಿಂಪ್‌ನಲ್ಲೇ ಇರುವ ವಿಂಡೋಸ್ ಮೆನುವಿನ ಡಾಕಬಲ್ ಡೈಲಾಗ್ಸ್‌ನಲ್ಲಿ ಡ್ಯಾಶ್‌ಬೋರ್ಡ್ ತೆರೆದಿಟ್ಟು ಕೆಲಸ ಮಾಡಿ. 2.10ರಿಂದ ಬಂದ ಈ ಕಿಟಕಿಯನ್ನು ಬಳಸುವವರು ಕಡಿಮೆ, ಆದರೆ ರೋಗ ಪತ್ತೆಗೆ ಇದಕ್ಕಿಂತ ಒಳ್ಳೇ ಸಾಧನ ಗಿಂಪ್‌ನಲ್ಲಿ ಇಲ್ಲ. ಕ್ಯಾಶ್ ತುಂಬಿ ಸ್ವಾಪ್ ಏರುತ್ತಿದೆ ಅಂದರೆ ಗಿಂಪ್ ರ‍್ಯಾಮ್ ಬಿಟ್ಟು ಡಿಸ್ಕ್ ಮೇಲೆ ಬರೆಯುತ್ತಿದೆ. ಪ್ರಿಫರೆನ್ಸಸ್‌ನ ಸಿಸ್ಟಮ್ ರಿಸೋರ್ಸಸ್‌ನಲ್ಲಿ ಟೈಲ್ ಕ್ಯಾಶ್ ಎಷ್ಟಿದೆ ನೋಡಿ. 8 ಜಿಬಿ ಯಂತ್ರದಲ್ಲಿ 4 ಜಿಬಿವರೆಗೆ ಕೊಡಬಹುದು. ಪೂರ್ತಿ 8 ಕೊಟ್ಟರೆ ವಿಂಡೋಸ್‌ಗೇ ಜಾಗ ಉಳಿಯದೆ ಇನ್ನೂ ನಿಧಾನವಾಗುತ್ತದೆ. ಫೋಲ್ಡರ್ಸ್ ಭಾಗದಲ್ಲಿ ಸ್ವಾಪ್ ಫೋಲ್ಡರ್ ಖಾಲಿ ಜಾಗ ಇರುವ ಎಸ್‌ಎಸ್‌ಡಿ ಮೇಲೆ ಇದೆಯೇ ನೋಡಿ. ಹಿಂದೆ ಗಿಂಪ್ ಅರ್ಧಕ್ಕೆ ನಿಂತಾಗ ಬಿಟ್ಟುಹೋದ, ಹೆಸರಲ್ಲಿ ಸ್ವಾಪ್ ಎಂದಿರುವ ಫೈಲ್‌ಗಳು ಅದೇ ಫೋಲ್ಡರ್‌ನಲ್ಲಿ ಜಿಬಿಗಟ್ಟಲೆ ಬಿದ್ದಿರಬಹುದು. ಗಿಂಪ್ ಮುಚ್ಚಿರುವಾಗ ಅವನ್ನು ಅಳಿಸಿದರೆ ನಷ್ಟವಿಲ್ಲ.

ಬಣ್ಣ ಹಳದಿಯಾಯಿತು, ಬಣ್ಣ ಸತ್ತಿತು

ಇವು ಎರಡು ಬೇರೆ ದೂರು. ಬಿಳಿ ಹಾಳೆಯೂ ಗಿಂಪ್‌ನಲ್ಲಿ ಮಾತ್ರ ತಿಳಿ ಹಳದಿಯಾಗಿ ಕಂಡು, ಬೇರೆ ಪ್ರೋಗ್ರಾಂಗಳಲ್ಲಿ ಬಿಳಿಯಾಗಿಯೇ ಇದ್ದರೆ ಮಾನಿಟರ್ ಪ್ರೊಫೈಲ್, ಅಂದರೆ ಪರದೆ ಬಣ್ಣವನ್ನು ಹೇಗೆ ತೋರಿಸುತ್ತದೆ ಎಂದು ಹೇಳುವ ಫೈಲ್, ಕೆಟ್ಟಿದೆ. ವ್ಯೂ ಮೆನುವಿನ ಕಲರ್ ಮ್ಯಾನೇಜ್‌ಮೆಂಟ್‌ನಲ್ಲಿ ಕಲರ್ ಮ್ಯಾನೇಜ್ ದಿಸ್ ವ್ಯೂ ಟಿಕ್ ತೆಗೆಯಿರಿ. ಹಳದಿ ಹೋದರೆ ಖಾತ್ರಿಯಾಯಿತು. ವಿಂಡೋಸ್‌ನ ಕಲರ್ ಮ್ಯಾನೇಜ್‌ಮೆಂಟ್ ತೆರೆದು ಆ ಪ್ರೊಫೈಲ್ ತೆಗೆದು ಎಸ್‌ಆರ್‌ಜಿಬಿ ಹಾಕಿ. ಟಿಕ್ ಮತ್ತೆ ಇಡಿ.

ಎರಡನೆಯದು ಪ್ರಿಂಟ್‌ನದ್ದು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಭೌಗೋಳಿಕ ಗುರುತು, ಸಿಕ್ಕಿತು. ಬೇಳೆ ಪ್ಯಾಕೆಟ್‌ನ ಲೇಬಲ್ ಅಂದರೆ ಹೊಳೆಯುವ ಹಳದಿ, ಕಡು ಹಸಿರು. ಪರದೆ ಮೇಲೆ ಮಿಂಚಿದ ಹಸಿರು ಪ್ರಿಂಟ್ ಆದಾಗ ಮಂಕಾಗಿ ಬರುತ್ತದೆ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ ನಾಲ್ಕು ಶಾಯಿಯಿಂದ. ಬೆಳಕಿನ ಲೆಕ್ಕ ಆರ್‌ಜಿಬಿ, ಶಾಯಿಯ ಲೆಕ್ಕ ಸಿಎಂವೈಕೆ. ಶಾಯಿಗೆ ಮುಟ್ಟಲಾಗದ ಬಣ್ಣಗಳು ಆರ್‌ಜಿಬಿಯಲ್ಲಿ ಬಹಳ ಇವೆ. 2.10 ಸಿಎಂವೈಕೆಯಲ್ಲಿ ಫೈಲ್ ಕೊಡುವುದಿಲ್ಲ. ಪ್ರೆಸ್‌ನವರಿಂದ ಅವರ ಸಿಎಂವೈಕೆ ಪ್ರೊಫೈಲ್ ತಂದು ಸಾಫ್ಟ್ ಪ್ರೂಫ್ ಜಾಗದಲ್ಲಿ ಹಾಕಿ, ವ್ಯೂ ಮೆನುವಿನಲ್ಲಿ ಪ್ರೂಫ್ ಕಲರ್ಸ್ ಆನ್ ಮಾಡಿದರೆ ಪ್ರಿಂಟ್ ಹೇಗೆ ಬರಬಹುದು ಅಂತ ಮೊದಲೇ ಕಾಣುತ್ತದೆ. 3.0ರಲ್ಲಿ ಅದೇ ಪ್ರೊಫೈಲ್ ಹಿಡಿದು ಜೆಪೆಗ್, ಟಿಫ್ ಫೈಲನ್ನು ಸಿಎಂವೈಕೆಯಲ್ಲಿ ಎಕ್ಸ್‌ಪೋರ್ಟ್ ಕೂಡ ಮಾಡಬಹುದು. ಪೂರ್ತಿ ಸಿಎಂವೈಕೆಯಲ್ಲೇ ಕೆಲಸ ಮಾಡಬೇಕು ಅಂದರೆ ಕ್ರಿಟಾ ಎಂಬ ಇನ್ನೊಂದು ಸಾಫ್ಟ್‌ವೇರ್ ಇದೆ, ಅದೂ ಪುಕ್ಕಟೆ. ಲೇಬಲ್ ಕೆಲಸವೇ ಹೆಚ್ಚಿದ್ದರೆ ನಾನು ಅದನ್ನೇ ಹೇಳುವುದು.

ಫೈಲ್ ತೆರೆಯುವುದಿಲ್ಲ, ಕೆಬಿ ಇಳಿಯುವುದಿಲ್ಲ

ಗಿರಾಕಿ ಕಳಿಸಿದ ಜೆಪೆಗ್ ತೆರೆಯುವಾಗ ಹಳೇ ಆವೃತ್ತಿಗಳಲ್ಲಿ ಇದು ಜೆಪೆಗ್ ಅಲ್ಲ, ಇಂಥದ್ದರಿಂದ ಶುರುವಾಗುತ್ತದೆ ಅಂತ ಸಂದೇಶ ಬರುವುದುಂಟು. ಅದರ ಕೊನೆಯ ಅಂಕಿಗಳನ್ನು ನೋಡಿ. 89 50 ಇದ್ದರೆ ಅದು ನಿಜಕ್ಕೂ ಪಿಎನ್‌ಜಿ. 52 49 ಇದ್ದರೆ ಬಹುತೇಕ ವೆಬ್‌ಪಿ. ಯಾರೋ ಹೆಸರಿನ ಬಾಲ, ಅಂದರೆ ಚುಕ್ಕೆಯ ನಂತರದ ಅಕ್ಷರಗಳನ್ನು ಮಾತ್ರ ಬದಲಿಸಿದ್ದಾರೆ. ನೀವು ಸರಿಯಾದ ಬಾಲ ಹಾಕಿ ತೆರೆಯಿರಿ. ಫೋಟೋ ತೆರೆದರೂ ಮುಖ ಮಸುಕಾಗಿದ್ದರೆ ಅದು ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿ ಬಂದದ್ದು. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ನೇಮಕಾತಿ ಅರ್ಜಿಗಳು ಫೋಟೋವನ್ನು 50 ಕೆಬಿ ಒಳಗೆ ಕೇಳುವುದುಂಟು. ಕ್ವಾಲಿಟಿ 10ಕ್ಕೆ ಇಳಿಸಿದರೂ ಆಗುತ್ತಿಲ್ಲ, ಮುಖ ಮಾತ್ರ ಚೌಕ ಚೌಕ ಆಗುತ್ತಿದೆ ಅಂದರೆ ನೀವು ಮೊಬೈಲ್‌ನ ಪೂರ್ತಿ ಅಳತೆಯಲ್ಲೇ ಎಕ್ಸ್‌ಪೋರ್ಟ್ ಮಾಡುತ್ತಿದ್ದೀರಿ. ಮೊದಲು ಕ್ರಾಪ್ ಮಾಡಿ ಸ್ಕೇಲ್ ಇಳಿಸಿ. 35 ಗುಣಿಸು 45 ಮಿಲಿಮೀಟರ್ ಫೋಟೋಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 413 ಗುಣಿಸು 531 ಪಿಕ್ಸೆಲ್ ಸಾಕು. ಎಕ್ಸ್‌ಪೋರ್ಟ್ ಡಬ್ಬಿಯಲ್ಲಿ ಎಕ್ಸಿಫ್ (ಕ್ಯಾಮೆರಾ ಬರೆದಿಟ್ಟ ವಿವರ), ಥಂಬ್‌ನೇಲ್ ಟಿಕ್ ತೆಗೆಯಿರಿ. ಪ್ರಿವ್ಯೂ ಟಿಕ್ ಇಟ್ಟರೆ ಕೆಬಿ ಅಲ್ಲೇ ಕಾಣುತ್ತದೆ.

ಶುರುವಿಗೇ ನಿಂತರೆ, ನಡುವೆ ಬಿದ್ದುಹೋದರೆ

ತೆರೆಯುವಾಗ ಫಾಂಟ್ ಹುಡುಕುತ್ತಿದ್ದೇನೆ ಎಂಬ ಸಾಲಿನಲ್ಲೇ ನಿಂತರೆ ಕೂಡಲೇ ಕೊಲ್ಲಬೇಡಿ. ಹೊಸದಾಗಿ ಹಾಕಿದ ಮೇಲೆ ಮೊದಲ ಸಲ ಎಲ್ಲ ಫಾಂಟ್‌ಗಳ ಪಟ್ಟಿ ಕಟ್ಟಬೇಕು. ಅಂಗಡಿ ಯಂತ್ರಗಳಲ್ಲಿ ಸಾವಿರಾರು ಫಾಂಟ್ ಇರುತ್ತವೆ, ಹೊತ್ತು ಹಿಡಿಯುತ್ತದೆ. ಪ್ರತಿ ಸಲವೂ ಹೀಗೇ ಆದರೆ ಪರೀಕ್ಷೆ ಸುಲಭ. ಗಿಂಪ್ ಶಾರ್ಟ್‌ಕಟ್‌ನ ಪ್ರಾಪರ್ಟೀಸ್ ತೆರೆದು ಟಾರ್ಗೆಟ್ ಸಾಲಿನ ಕೊನೆಗೆ ಒಂದು ಸ್ಪೇಸ್, ಒಂದು ಅಡ್ಡಗೆರೆ, ಅದಕ್ಕೆ ಅಂಟಿಸಿ ಇಂಗ್ಲಿಷಿನ ಚಿಕ್ಕ ಎಫ್ ಸೇರಿಸಿ. ಈಗ ಗಿಂಪ್ ಫಾಂಟ್ ಓದದೆ ತೆರೆಯುತ್ತದೆ. ಪಟ್ಟನೆ ತೆರೆದರೆ ಯಾವುದೋ ಫಾಂಟ್ ಹಾಳಾಗಿದೆ ಅಥವಾ ಫಾಂಟ್ ಮಿತಿಮೀರಿವೆ. ಎಫ್ ಬದಲು ಡಿ ಹಾಕಿದರೆ ಬ್ರಷ್, ಪ್ಯಾಟರ್ನ್‌ಗಳನ್ನು ಬಿಡುತ್ತದೆ. ಪರೀಕ್ಷೆ ಮುಗಿದ ಮೇಲೆ ಅದನ್ನು ತೆಗೆಯಿರಿ. ಎಫ್ ಉಳಿದರೆ ಟೆಕ್ಸ್ಟ್ ಟೂಲ್ ಕೆಲಸ ಮಾಡುವುದಿಲ್ಲ, ಆಮೇಲೆ ಅದೇ ಹೊಸ ದೂರಾಗುತ್ತದೆ.

ಫಿಲ್ಟರ್ ಹಾಕಿದಾಗಲೆಲ್ಲ ಗಿಂಪ್ ಮುಚ್ಚಿಹೋಗುತ್ತಿದ್ದರೆ ಪ್ರಿಫರೆನ್ಸಸ್‌ನಲ್ಲಿ ಓಪನ್‌ಸಿಎಲ್ ಟಿಕ್ ಇದೆಯೇ ನೋಡಿ, ಇದ್ದರೆ ತೆಗೆಯಿರಿ. ಅದು ಲೆಕ್ಕದ ಕೆಲಸವನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಒಪ್ಪಿಸುವ ವ್ಯವಸ್ಥೆ, ಆ ಕಾರ್ಡ್‌ನ ಡ್ರೈವರ್ ಮೇಲೆ ನಿಂತಿದೆ. ಹಳೇ ಕಾರ್ಡ್‌ಗಳಲ್ಲಿ ಲಾಭಕ್ಕಿಂತ ಕಾಟ ಜಾಸ್ತಿ. 2.10ರಿಂದ ಈಚೆಗೆ ಗಿಂಪ್ ಬಿದ್ದಾಗ ದೋಷದ ವಿವರದ ಕಿಟಕಿ ತೋರಿಸಿ, ಆಗುವಷ್ಟು ಚಿತ್ರವನ್ನು ಉಳಿಸಲು ನೋಡುತ್ತದೆ. ಮತ್ತೆ ತೆರೆದಾಗ ಉಳಿದ ಚಿತ್ರ ಬೇಕೇ ಅಂತ ಕೇಳಿದರೆ ಹೌದು ಅನ್ನಿ.

ಗಿಂಪ್ ಮಾತ್ರವಲ್ಲ, ಇಡೀ ಕಂಪ್ಯೂಟರ್ ಧಪ್ ಅಂತ ಆರಿಹೋದರೆ ವಿಷಯ ಬೇರೆ. ಯಾವ ಚಿತ್ರ ತಿದ್ದುವ ಸಾಫ್ಟ್‌ವೇರೂ ಯಂತ್ರವನ್ನು ಹಾಗೆ ಆರಿಸುವುದಿಲ್ಲ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ಲಾಗ್ ತೆರೆದು ಆ ಹೊತ್ತಿಗೆ ಕರ್ನಲ್ ಪವರ್, ಸಂಖ್ಯೆ 41 ಇದೆಯೇ ನೋಡಿ. ಇದ್ದರೆ ಯಂತ್ರ ಸರಿಯಾಗಿ ಮುಚ್ಚದೆ ನಿಂತಿದೆ ಅಂತ ಅರ್ಥ. ಏಪ್ರಿಲ್, ಮೇನಲ್ಲಿ ಇಲ್ಲಿ ಹೊರಗೇ 40 ಡಿಗ್ರಿ ದಾಟಿರುತ್ತದೆ. ತಗಡಿನ ಸೂರಿನ ಅಂಗಡಿಯಲ್ಲಿ, ಧೂಳು ತುಂಬಿದ ಫ್ಯಾನ್ ಹೊತ್ತ ಸಿಪಿಯು ಮೇಲೆ ದೊಡ್ಡ ಬ್ಲರ್ ಹಾಕಿದರೆ ಎಲ್ಲ ಕೋರ್‌ಗಳೂ ಒಟ್ಟಿಗೆ ಬಿಸಿಯೇರುತ್ತವೆ. ಸಂಜೆ ತಂಪಿನಲ್ಲಿ ಅದೇ ಫೈಲ್, ಅದೇ ಫಿಲ್ಟರ್ ಹಾಕಿ ನೋಡಿ. ಆಗ ನಡೆದರೆ ಮೊದಲು ಧೂಳು ಹೊಡೆಸಿ, ಸಿಪಿಯು ಪೇಸ್ಟ್ ಬದಲಿಸಿ. ಸಂಜೆಯೂ ಆರಿದರೆ ಪವರ್ ಸಪ್ಲೈ, ಯುಪಿಎಸ್ ಬ್ಯಾಟರಿ ಕಡೆ ನೋಡಿ. ಕರೆಂಟ್ ಹೋದ ಕ್ಷಣದಲ್ಲಿ ಗಿಂಪ್‌ಗೆ ಚಿತ್ರ ಉಳಿಸಲು ಪುರುಸೊತ್ತು ಸಿಗುವುದಿಲ್ಲ. ಮಾಮೂಲಿ ಗಿಂಪ್ ಕೆಲಸದ ನಡುವೆ ತಾನಾಗಿ ಸೇವ್ ಮಾಡಿಡುವುದೂ ಇಲ್ಲ. ಕಂಟ್ರೋಲ್ ಎಸ್ ನೀವೇ ಒತ್ತುತ್ತಿರಬೇಕು.

ಇಷ್ಟೆಲ್ಲ ನೋಡಿಯೂ ಸಿಗದಿದ್ದರೆ ಕೇಳುವುದರಲ್ಲಿ ನಾಚಿಕೆ ಇಲ್ಲ. ಗಿಂಪ್‌ನ ದೋಷಗಳನ್ನು ಗ್ನೋಮ್ ಎಂಬ ಮುಕ್ತ ಸಾಫ್ಟ್‌ವೇರ್ ಯೋಜನೆಯ ಗಿಟ್‌ಲ್ಯಾಬ್ ಜಾಲತಾಣದಲ್ಲಿ ದಾಖಲಿಸುತ್ತಾರೆ. ಯಾರನ್ನೇ ಕೇಳುವಾಗ “ಗಿಂಪ್ ನಡೀವಲ್ದು” ಅಂತಷ್ಟೇ ಬರೆದರೆ ಉತ್ತರ ಬರುವುದಿಲ್ಲ. ಗಿಂಪ್ ಆವೃತ್ತಿ, ವಿಂಡೋಸ್ ಆವೃತ್ತಿ, ರ‍್ಯಾಮ್, ಏನು ಒತ್ತಿದಾಗ ಏನಾಯಿತು, ಖಾಲಿ ಫೈಲಿನಲ್ಲೂ ಆಗುತ್ತದೆಯೇ, ಸೆಟ್ಟಿಂಗ್ ಫೋಲ್ಡರ್ ಹೆಸರು ಬದಲಿಸಿದ ಮೇಲೂ ಆಗುತ್ತದೆಯೇ, ಇಷ್ಟನ್ನು ಬರೆಯಿರಿ. ದೋಷದ ಕಿಟಕಿ ಬಂದಿದ್ದರೆ ಮೊಬೈಲ್‌ನಲ್ಲಿ ಅದರ ಫೋಟೋ ಹೊಡೆಯಬೇಡಿ. ಒಳಗಿನ ಪಠ್ಯವನ್ನೇ ನಕಲು ಮಾಡಿ ಹಾಕಿ. ಗಿರಾಕಿಯ ಫೋಟೋ ಇರುವ ಫೈಲ್ ಮಾತ್ರ ಕಳಿಸಬೇಡಿ. ಅದೇ ತೊಂದರೆ ಬರುವ ಹಾಗೆ ಬೇರೆ ಚಿತ್ರದಲ್ಲಿ ಮಾಡಿ ಕಳಿಸಿ.